ಗಂಡಿನ ಮನೆ ನೋಡಲು ಹೋಗಿ ಸಮುದ್ರ ನೋಡಿದ್ದು

ಹುಡುಗನಿಗೆ ಮನೆಯೇ ಇರಲಿಲ್ಲ. ಅದನ್ನು ಹೇಳಲು ಬಾಯಿ ಬಾರದೆ ಅವನು ಮೂರು ದಿನ ನಮಗೆ ಸಮುದ್ರ, ಹೊಳೆ, ಗುಡ್ಡ, ಗಿಡ ಎಲ್ಲ ತೋರಿಸಿದ. ನಮ್ಮ ಮಂಗಳೂರು ಪ್ರವಾಸವೆಂದರೆ ಇಷ್ಟೇ. ಇನ್ನೂ ಕೇಳಬೇಕು ಅನ್ನುವವರು ಮುಂದೆ ಓದಬಹುದು.

ನಮ್ಮದು ಸುರಪುರ. ನನ್ನ ಮೊಮ್ಮಗಳು ರೇಣುಕಾ ಬಸ್ ಸ್ಟ್ಯಾಂಡಿನ ಹತ್ತಿರ ಜಂಪರ್ ಹೊಲಿಯುವ ಅಂಗಡಿ ಇಟ್ಟಿದ್ದಾಳೆ. ಅವಳಿಗೆ ನಾರಾಯಣಪುರದಿಂದ ಒಂದು ಸಂಬಂಧ ಬಂತು. ಹುಡುಗನ ತಂದೆಗೆ ಅಲ್ಲಿನ ಡ್ಯಾಮಿನಲ್ಲಿ ಗೇಟಿನ ಕೆಲಸ, ಇರುವುದು ಕ್ವಾರ್ಟರ್ಸಿನಲ್ಲಿ. ಹುಡುಗ ಹಣಮಂತ ಮಂಗಳೂರಿನಲ್ಲಿ ಟೈಲ್ಸ್ ಕೂಡಿಸುವ ಮಿಸ್ತ್ರಿ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿದ್ದಾಗಿತ್ತು. ಇಬ್ಬರೂ ಬೇಡ ಅಂದಿರಲಿಲ್ಲ.

ನಮ್ಮಲ್ಲಿ ಅಷ್ಟಕ್ಕೇ ಮಾತು ಮುಗಿಯುವುದಿಲ್ಲ. ಹೆಣ್ಣಿನ ಕಡೆಯವರು ಹೋಗಿ ಗಂಡಿನ ಮನೆ ನೋಡಬೇಕು. ಮನೆ ನೋಡುವುದೆಂದರೆ ಕುರ್ಚಿಯಲ್ಲಿ ಕುಳಿತು ಚಹಾ ಕುಡಿದು ಎದ್ದು ಬರುವುದಲ್ಲ. ಹಿರಿಯ ಹೆಂಗಸು ನೆಟ್ಟಗೆ ಅಡುಗೆಮನೆಗೆ ಹೋಗಬೇಕು. ನೀರಿನ ಜಾಗ ನೋಡಬೇಕು. ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ಮೂಸಬೇಕು. ಹೊರಗಿನ ಕೋಣೆ ಯಾರದಾದರೂ ಚಂದ ಇರುತ್ತದೆ, ಅಡುಗೆಮನೆ ಸುಳ್ಳು ಹೇಳುವುದಿಲ್ಲ. ಮದುವೆಯಾದ ಮೇಲೆ ರೇಣುಕಾ ಇರಬೇಕಾದದ್ದು ಮಂಗಳೂರಿನಲ್ಲಿ. ಹಾಗಾದರೆ ನೋಡಬೇಕಾದ ಮನೆಯೂ ಅದೇ. ನೋಡದೆ ನಾನು ಹೂಂ ಅನ್ನುವುದಿಲ್ಲ ಅಂತ ಹೇಳಿಬಿಟ್ಟೆ.

ಇದಕ್ಕೆ ಪ್ರವಾಸದ ಬಣ್ಣ ಹಚ್ಚಿದವಳು ಹುಡುಗನ ತಾಯಿ ಗಿರಿಜಮ್ಮ. "ಹೆಂಗೂ ಅಷ್ಟು ದೂರ ಹೊಂಟೀವಿ ಬೀಗರ, ಸಮುದ್ರ ಗಿಮುದ್ರ ನೋಡಿ ಬರೂಣು" ಅಂದಳು.

"ಇನ್ನಾ ಬೀಗರು ಆಗಿಲ್ರಿ ನಾವು" ಅಂದೆ ನಾನು.

"ಆದಂಗ ಬಿಡ್ರಿ ಅಮ್ಮಾರ."

ಮನೆ ನೋಡಲು ಹುಡುಗಿ ಹೋಗುವ ಪದ್ಧತಿ ಇಲ್ಲ. ಆದರೆ ರೇಣುಕಾ ಮಷೀನಿನ ಮುಂದೆ ಕುಳಿತಲ್ಲಿಂದಲೇ, "ನಾ ಇರೂ ಮನಿ ನಾ ನೋಡಬಾರದೇನ ಆಯಿ? ನೀವು ನೋಡಿ ಬಂದು ನೀವ ಇರ್ತೀರೇನು?" ಅಂದಳು. ಅವಳ ಅಪ್ಪ, ಅಂದರೆ ನನ್ನ ಮಗ ಶರಣಪ್ಪ, ಅವಳಿಗೂ ಸೇರಿಸಿ ಟಿಕೆಟ್ ಮಾಡಿಸಿದ. ಹೀಗೆ ನಾನು, ಶರಣಪ್ಪ, ರೇಣುಕಾ, ಗಿರಿಜಮ್ಮ ನಾಲ್ವರು ದಸರೆಗೆ ಮುಂಚೆ ಹೊರಟೆವು. ಗಿರಿಜಮ್ಮನ ಗಂಡನಿಗೆ ಕಾಲುವೆಗೆ ನೀರು ಬಿಡುವ ಕೆಲಸವಿತ್ತು, ಬರಲಿಲ್ಲ.

ಮಧ್ಯಾಹ್ನ ಶಹಾಪುರದ ಕಡೆಯಿಂದ ಬಂದ ಬಸ್ಸು ಸುರಪುರದಲ್ಲಿ ಹತ್ತಿದೆವು. ಬಸ್ಸಿನ ತುಂಬ ಮಂಗಳೂರಿಗೆ ಕೂಲಿಗೆ ಹೋಗುವ ಮಂದಿ. ಸೀಟಿನ ಕೆಳಗೆಲ್ಲ ಜೋಳದ ಹಿಟ್ಟಿನ ಚೀಲ, ಕಾಲಿಡಲು ಜಾಗವಿಲ್ಲ. ತಿಂಥಣಿ ಬ್ರಿಜ್ ದಾಟುವಾಗ ಎಲ್ಲರೂ ಕಿಟಕಿಯಿಂದಲೇ ಕೃಷ್ಣೆಗೆ ಕೈ ಮುಗಿದರು. ಅಲ್ಲಿಂದ ಗಿರಿಜಮ್ಮ ಫೋನು ತೆಗೆದಳು. ಮಗ ಕಳಿಸಿದ ವಿಡಿಯೋ ಅದು. ಬಿಳಿ ನೆಲ, ಬಿಳಿ ಗೋಡೆ, ಒಂದು ದೊಡ್ಡ ಕಿಟಕಿ.

"ನೋಡ್ರಿ ಅಮ್ಮಾರ, ನೆಲದಾಗ ಮುಖ ಕಾಣ್ತೈತಿ!"

"ನೆಲದಾಗ ಯಾಕ್ರಿ ಮುಖ ನೋಡ್ಕೊಬೇಕು? ಕನ್ನಡಿ ಇಲ್ಲೇನು?" ಅಂದೆ.

ಅವಳು ಬೇಸರ ಮಾಡಿಕೊಳ್ಳಲಿಲ್ಲ. ಮುಂದಿನ ಸೀಟಿನವರಿಗೆ ತೋರಿಸಿದಳು, ಕಂಡಕ್ಟರನಿಗೂ ತೋರಿಸಿದಳು. ಬೆಳಗಿನ ಜಾವ ಘಟ್ಟ ಇಳಿಯುವಾಗ ಶರಣಪ್ಪ ವಾಂತಿ ಮಾಡಿಕೊಂಡ, ಅವನಿಗೂ ತೋರಿಸಿದಳು.

ಮಂಗಳೂರಿನಲ್ಲಿ ಇಳಿದ ಕೂಡಲೇ ಮೈಯೆಲ್ಲ ಅಂಟಂಟು. ಮಳೆ ಹೋಗಿದೆ ಅಂದಿದ್ದರು. ಹೋಗಿರಲಿಲ್ಲ, ಹೋಗಿ ಹೋಗಿ ಬರುತ್ತಿತ್ತು. ನಮ್ಮ ಕಡೆಯಿಂದ ಹೋಗುವವರಿಗೆ ಒಂದು ಮಾತು ಹೇಳುತ್ತೇನೆ: ಕಟಕ ರೊಟ್ಟಿ ಕಟ್ಟಿಕೊಂಡು ಹೋಗಬೇಡಿ. ನಮ್ಮಲ್ಲಿ ತಿಂಗಳಿದ್ದರೂ ಮುರಿದರೆ ಸದ್ದಾಗುವ ರೊಟ್ಟಿ ಅಲ್ಲಿ ಸಂಜೆಯೊಳಗೆ ಒದ್ದೆ ರಟ್ಟಿನಂತಾಯಿತು. ನೆಂಚಿಕೊಳ್ಳಲು ತಂದ ಶೇಂಗಾ ಹಿಂಡಿ ಮಾತ್ರ ಉಳಿಯಿತು.

ಹಣಮಂತ ಬಸ್ಸಿಗೆ ಬಂದಿದ್ದ. ಕಾಲಿಗೆ ಬಿದ್ದ, ಚೀಲ ಹೊತ್ತ, ನೆಟ್ಟಗೆ ಒಂದು ಲಾಡ್ಜಿಗೆ ಕರೆದುಕೊಂಡು ಹೋದ.

"ಮನಿ ಇದ್ದವ ಲಾಡ್ಜ್ ಯಾಕ ಹಿಡದೀಪಾ?" ಎಂದು ಕೇಳಿದೆ.

ಅವನು ಉತ್ತರ ಹುಡುಕುವುದರೊಳಗೆ ತಾಯಿಯೇ ಒದಗಿಸಿದಳು. "ಮಾತು ಮುಗಿಯೂತನ ಹೆಣ್ಣಿನವರು ಗಂಡಿನ ಮನ್ಯಾಗ ಮಲಗಬಾರದ್ರಿ. ನನ್ನ ಮಗಗ ಪದ್ಧತಿ ಗೊತ್ತೈತಿ."

ಮಗ ತಲೆಯಾಡಿಸಿದ. ಪದ್ಧತಿ ಖರೆಯೇ, ನಾನು ಚೀಲ ಒಳಗಿಟ್ಟೆ. ಲಾಡ್ಜಿನವನು ನಮ್ಮ ಮಾತು ಕೇಳಿ, "ಬಿಜಾಪುರದವರಾ?" ಅಂದ. ಯಾದಗಿರಿ ಜಿಲ್ಲೆ ಅಂದೆ. "ಹಾಂ, ಅದೇ ಬಿಜಾಪುರ" ಅಂದ. ಆ ಊರಿನಲ್ಲಿ ಆಟೋದವನು, ಹೋಟೆಲಿನವನು, ಹಣ್ಣಿನವಳು ಎಲ್ಲರೂ ನಮ್ಮನ್ನು ಬಿಜಾಪುರಕ್ಕೆ ಸೇರಿಸಿದರು. ಜಿಲ್ಲೆ ಬೇರೆ ಅಂತ ಹೇಳಿ ಹೇಳಿ ನನ್ನ ಬಾಯಿ ನೋಯಿತು.

ಸಂಜೆ ಮನೆ ತೋರಿಸುತ್ತಾನೆ ಅಂದುಕೊಂಡೆವು. "ಇವತ್ತು ಮನ್ಯಾಗ ಕರೆಂಟ್ ಇಲ್ರಿ ಆಯಿ, ಬೀಚಿಗೆ ಹೋಗೂಣು" ಎಂದು ಸಿಟಿ ಬಸ್ಸು ಹತ್ತಿಸಿದ. ಪಣಂಬೂರು ಅಂತ ಆ ಜಾಗದ ಹೆಸರು. ಉಸುಕಿನಲ್ಲಿ ಒಂಟೆ ನಿಲ್ಲಿಸಿದ್ದರು. ಸಮುದ್ರಕ್ಕೂ ಒಂಟೆಗೂ ಏನು ಸಂಬಂಧವೋ ನನಗೆ ತಿಳಿಯಲಿಲ್ಲ.

ನಾವು ಹೊಳೆ ದಂಡೆಯವರು. ಹೊಸ ನೀರು ಕಂಡರೆ ಪೂಜೆ ಮಾಡದೆ ಕಾಲಿಡುವುದಿಲ್ಲ. ಗಿರಿಜಮ್ಮ ಕುಪ್ಪಸದ ಖಣ, ಅರಿಶಿನ, ಕುಂಕುಮ, ತೆಂಗಿನಕಾಯಿ ಎಲ್ಲ ತಂದಿದ್ದಳು. "ಗಂಗವ್ವ, ಕೂಸುಗಳ ಕಾರ್ಯ ಸುಸೂತ್ರ ಆಗ್ಲಿ" ಎಂದು ಕಣ್ಣು ಮುಚ್ಚಿ ಖಣವನ್ನೂ ಕಾಯಿಯನ್ನೂ ನೀರಿಗೆ ಬಿಟ್ಟಳು. ಕೃಷ್ಣೆಯಲ್ಲಾದರೆ ಬಿಟ್ಟದ್ದು ಕೆಳಗೆ ಹೋಗುತ್ತದೆ, ಅಲ್ಲಿಗೆ ಕೆಲಸ ಮುಗಿಯಿತು. ಇಲ್ಲಿ ಅವಳು ಕಣ್ಣು ಬಿಡುವಷ್ಟರಲ್ಲಿ ಕಾಯಿ ಅವಳ ಕಾಲಿಗೇ ಬಂದು ಬಡಿಯಿತು. ಮತ್ತೆ ಬಿಟ್ಟಳು, ಮತ್ತೆ ಬಂತು. ಶರಣಪ್ಪ ಮೊಳಕಾಲ ಮಟ ನೀರಿಗಿಳಿದು ದೂರ ಎಸೆದ. ಅವನು ದಂಡೆ ಮುಟ್ಟುವ ಮೊದಲೇ ಕಾಯಿ ದಂಡೆಯಲ್ಲಿತ್ತು. ಖಣ ಅವನ ಕಾಲಿಗೆ ಸುತ್ತಿಕೊಂಡಿತ್ತು.

ಗಿರಿಜಮ್ಮ ಅಳಲು ಶುರುವಿಟ್ಟಳು. "ಗಂಗವ್ವ ಬ್ಯಾಡ ಅನ್ನಾಕತ್ತಾಳ್ರಿ! ಶಕುನ ಛಲೋ ಇಲ್ಲ!"

"ಆಕಿ ಯಾರದೂ ಇಟ್ಕೊಳ್ಳೂದಿಲ್ರಿ" ಅಂದೆ. "ಆ ಕಡಿ ನೋಡ್ರಿ, ಹರಕ ಚಪ್ಪಲಿ, ಬಾಟ್ಲಿ, ಎಲ್ಲಾ ವಾಪಸ್ ತಂದು ಹಾಕ್ಯಾಳ. ಆ ಚಪ್ಪಲಿದ್ದೇನು ಲಗ್ನ ಮುರದೈತೇನು?"

ರೇಣುಕಾ ಸೆರಗು ಬಾಯಿಗೆ ಹಿಡಿದು ನಕ್ಕಳು. ಹಣಮಂತನೂ ನಕ್ಕ. ಆಮೇಲೆ ಆ ಕಾಯಿ ಒಡೆದು ಎಲ್ಲರೂ ತಿಂದೆವು. ಸೂರ್ಯ ಮುಳುಗಿದ್ದು ಚಂದವೇ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಸೂರ್ಯ ಸುರಪುರದಲ್ಲೂ ಮುಳುಗುತ್ತಾನೆ.

ಎರಡನೆಯ ದಿನ, "ಮನಿಗೆ ಬಣ್ಣ ಹಚ್ಚಾಕತ್ತಾರ್ರಿ, ವಾಸನಿ ಬಾಳ" ಅಂದ. ಹೊಳೆಗೆ ಕರೆದುಕೊಂಡು ಹೋಗಿ ದೋಣಿ ಹತ್ತಿಸಿದ. ಹೊಳೆ ಸಮುದ್ರ ಸೇರುವ ಜಾಗ ಅದು. ನೀರು ಯಾವ ಕಡೆ ಹರಿಯುತ್ತದೆ ಅಂತಲೇ ಗೊತ್ತಾಗಲಿಲ್ಲ. ದೋಣಿಯವನನ್ನು ಕೇಳಿದರೆ, "ಈಗ ಮೇಲೆ ಹೋಗ್ತಾ ಉಂಟು ಅಮ್ಮ, ಮಧ್ಯಾಹ್ನದ ಮೇಲೆ ಕೆಳಗೆ" ಅಂದ. ಇಂಥ ಮನಸ್ಸು ಗಟ್ಟಿ ಇಲ್ಲದ ಹೊಳೆಯನ್ನು ನಾನು ನೋಡಿರಲಿಲ್ಲ. ದಂಡೆಯುದ್ದಕ್ಕೂ ಒಂದು ಜಾತಿಯ ಗಿಡ. ಬೇರೆಲ್ಲ ಕೆಸರಿನಿಂದ ಮೇಲೆ, ಬುಡವೇ ಕಾಲೂರಿ ನಿಂತಂತೆ. ಕಾಂಡ್ಲಾ ಅಂತ ಅದರ ಹೆಸರಂತೆ. ಬೇರಿನ ಸಂದಿಯಲ್ಲಿ ಕೆಂಪು ಏಡಿಗಳು ಓಡಾಡುತ್ತಿದ್ದವು. ಒಂದು ಬೆಳ್ಳಕ್ಕಿ ನಮ್ಮನ್ನು ನೋಡಿಯೂ ನೋಡದಂತೆ ನಿಂತಿತ್ತು. ದೋಣಿಯ ಆ ತುದಿಯಲ್ಲಿ ರೇಣುಕಾ ಹಣಮಂತನನ್ನು ಏನೋ ಕೇಳಿದಳು. ಅವನು ಬಹಳ ಹೊತ್ತು ಮಾತಾಡಿದ. ಇಳಿದ ಮೇಲೆ ನಾನು ಕೇಳಿದೆ.

"ಏನಂತ?"

"ಏಡಿ ಹೆಂಗ ಹಿಡೀತಾರ ಅಂತ ಹೇಳಿದ ಆಯಿ."

"ಮನಿ ಎಲ್ಲಿ ಅಂತ ಹೇಳಿದ್ನೇನು?"

"ಅದನ್ನ ಕೇಳಿದ್ದಕ್ಕ ಏಡಿದು ಹೇಳಿದ."

ಮಧ್ಯಾಹ್ನದ ಊಟ ದಪ್ಪ ಕೆಂಪು ಅಕ್ಕಿಯ ಅನ್ನ, ಮೀನಿನ ಸಾರು. ಸಾರಿನಲ್ಲಿ ಕಾಯಿ, ಪಲ್ಯದಲ್ಲಿ ಕಾಯಿ, ಚಟ್ನಿಯಲ್ಲಿ ಕಾಯಿ. ಮೀನು ಮಾತ್ರ ತಾಜಾ ಇತ್ತು. ಶರಣಪ್ಪ ಎರಡು ಸಲ ಹಾಕಿಸಿಕೊಂಡ. ಅವನು ಆಗಲೇ ಹುಡುಗನ ಪಕ್ಷ ಸೇರಿದ್ದ. "ಎಷ್ಟ್ ಕಾಳಜಿ ಮಾಡ್ತಾನ ನೋಡಬೇ" ಅಂದ.

"ಕಾಳಜಿ ಮಾಡ್ಲಿ. ಮನಿ ತೋರಿಸ್ಲಿ."

ಮೂರನೆಯ ದಿನ ಬೆಳಿಗ್ಗೆ, "ಮಾಲಕರು ಊರಾಗಿಲ್ರಿ" ಎಂದು ಊರ ಹೊರಗಿನ ಒಂದು ಗುಡ್ಡಕ್ಕೆ ಕರೆದೊಯ್ದ. ಕೆಂಪು ಕಲ್ಲು, ಜಾರುವ ಪಾಚಿ, ಮಳೆಗೆ ಎದ್ದ ಸಣ್ಣ ಝರಿ. ನೋಡುವವರಿಗೆ ಚಂದ. ನನ್ನ ಕಾಲಿಗೆ ಜಿಗಣಿ ಹತ್ತಿತು. ಅದನ್ನು ಕಿತ್ತು ಎಸೆದು, ರಕ್ತ ಒರೆಸಿಕೊಂಡು, ಅಲ್ಲೇ ಕಲ್ಲಿನ ಮೇಲೆ ಕುಳಿತೆ.

"ಹಣಮಂತ, ಈ ಹುಳಾ ಸುದ್ದಾ ತನಗ ಏನ್ ಬೇಕಂತ ನೆಟ್ಟಗ ಬಂದು ಹತ್ತತೈತಿ. ನೀ ಮೂರು ದಿನ ಆತು ಸುತ್ತಾಕತ್ತೀದಿ. ಈಗ ಮನಿ ತೋರಿಸ್ತೀಯೋ, ನಾ ಬಸ್ ಸ್ಟ್ಯಾಂಡಿಗೆ ಹೋಗ್ಲೋ?"

ಗಿರಿಜಮ್ಮನೂ ಸುಸ್ತಾಗಿದ್ದಳು. "ಹೌದೋ ಯಪ್ಪಾ, ನಾನೂ ನೋಡಿಲ್ಲ. ತೋರಿಸಿಬಿಡು" ಅಂದಳು. ಆಗ ತಿಳಿಯಿತು, ಇವಳು ಹೊಗಳಿದ ಮನೆಯನ್ನು ಇವಳೂ ಕಣ್ಣಾರೆ ಕಂಡಿಲ್ಲ.

ಅವನು ಯಾರಿಗೋ ಫೋನು ಮಾಡಿದ. ಆಟೋದಲ್ಲಿ ಒಂದು ಹೊಸ ದೊಡ್ಡ ಕಟ್ಟಡಕ್ಕೆ ಕರೆದುಕೊಂಡು ಹೋಗಿ, ಮೆಟ್ಟಿಲು ಹತ್ತಿಸಿ, ಒಂದು ಬಾಗಿಲು ತೆಗೆದ. ವಿಡಿಯೋದ ಮನೆಯೇ. ಅದೇ ಬಿಳಿ ನೆಲ, ಅದೇ ಕಿಟಕಿ. ಗಿರಿಜಮ್ಮನ ಮುಖ ಅರಳಿತು. ಚಪ್ಪಲಿ ಬಿಟ್ಟು, ನೆಲವನ್ನು ಕೈಯಿಂದ ಸವರಿ, ಅದರ ಮೇಲೆಯೇ ಕುಳಿತಳು. "ನಾ ಹೇಳಿದ್ನಿಲ್ಲ? ಕಾಣ್ತೈತೋ ಇಲ್ಲೋ ಮುಖ?" ಅಂದಳು.

ನಾನು ಅಡುಗೆಮನೆಗೆ ಹೋದೆ. ನಲ್ಲಿಗೆ ಸುತ್ತಿದ ಪ್ಲಾಸ್ಟಿಕ್ಕು ಹಾಗೇ ಇತ್ತು. ತಿರುವಿದೆ, ನೀರಿಲ್ಲ. ಒಲೆ ಇಡುವ ಕಲ್ಲಿನ ಮೇಲೆ ಒಂದು ಎಣ್ಣೆಯ ಕಲೆ ಇಲ್ಲ, ಒಂದು ಬೂದಿಯ ಕಣ ಇಲ್ಲ. ಗೂಡಿನಲ್ಲಿ ಒಂದು ಲೋಟವೂ ಇಲ್ಲ.

"ಹಣಮಂತ, ಹಿಟ್ಟಿನ ಡಬ್ಬಿ ಎಲ್ಲಿ?"

"ಹಿಟ್ಟು ಖಾಲಿ ಆಗೈತ್ರಿ ಆಯಿ."

"ಹಿಟ್ಟು ಖಾಲಿ ಆಗ್ಲಿ. ಡಬ್ಬಿ ಎಲ್ಲಿ ಹೋತು?"

ಅವನು ಬಾಗಿಲಿಗೆ ಒರಗಿ ನಿಂತ. ನೆಲದ ಮೇಲೆ ಕುಳಿತಿದ್ದ ಗಿರಿಜಮ್ಮ ಮಗನನ್ನು ನೋಡಿ, ನನ್ನನ್ನು ನೋಡಿ, ಮತ್ತೆ ಮಗನನ್ನು ನೋಡಿ, "ಇದು ನಿಂದಲ್ಲೇನೋ?" ಅಂದಳು.

"ನೆಲಾ ನಾ ಹಾಕಿದ್ದು ಯವ್ವಾ. ಮನಿ ನಂದಲ್ಲ."

ಶರಣಪ್ಪ ಬೈಯಲು ಬಾಯಿ ತೆರೆದ. ನಾನು ಕೈ ಹಿಡಿದೆ. ಹುಡುಗ ಮೂರು ದಿನ ಮುಚ್ಚಿಟ್ಟದ್ದನ್ನು ಈಗ ಒಮ್ಮೆಲೇ ಹೊರಹಾಕಿದ.

"ಬಾಡಗಿ ಮನಿಗಂತ ಎಷ್ಟು ಬಾಗ್ಲಾ ತಟ್ಟೀನಿ ಗೊತ್ತೇನ್ರಿ ಆಯಿ? ಮಾತು ಕೇಳಿದ ಕೂಡ್ಲೆ ಬಿಜಾಪುರದವನಾ ಅಂತಾರ. ಒಬ್ಬನೇನಾ ಅಂತಾರ. ಒಬ್ಬಂಟಿಗ ಕೊಟ್ರ ಹತ್ತು ಮಂದಿ ತಂದು ತುಂಬ್ತೀರಿ, ಹೆಂಡತಿ ಕರ್ಕೊಂಡು ಬಾ, ಆಮೇಲೆ ನೋಡುವ ಅಂತಾರ. ನೀವು ಮೊದಲ ಮನಿ ತೋರ್ಸು, ಆಮ್ಯಾಲ ಹೆಣ್ಣು ಅಂತೀರಿ. ನಾ ಯಾವುದನ್ನ ಮೊದಲ ತರ್ಲಿ?"

"ಇಷ್ಟು ಮಾತು ಸುರಪುರದಾಗ ಆಡಿದ್ರ ನಾಲಿಗಿ ಸವೀತಿತ್ತೇನು?" ಅಂದೆ. ನನಗೆ ಸಿಟ್ಟು ಬಂದದ್ದು ಅದಕ್ಕೇ.

ರೇಣುಕಾ ಆ ತನಕ ಕಿಟಕಿಯ ಹತ್ತಿರ ನಿಂತಿದ್ದಳು. "ನೀವು ಮಲಗೂದು ಎಲ್ಲಿ?" ಎಂದು ಕೇಳಿದಳು.

"ಸೈಟಿನ ಶೆಡ್ಡಿನ್ಯಾಗ. ನಮ್ಮ ಕಡಿ ಕೊಂಕಲ್ ಊರಿನ ಹುಡುಗರ ಜೋಡಿ."

"ಅದನ್ನ ತೋರ್ಸ್ರಿ."

ಹೋಗಿ ನೋಡಿದೆವು. ಹಲಸಿನ ಮರದ ಕೆಳಗೆ ತಗಡಿನ ಶೆಡ್ಡು. ಒಳಗೆ ಹಗ್ಗದ ಮೇಲೆ ಒಣಗದ ಬಟ್ಟೆ. ಮೂಲೆಯಲ್ಲಿ ಇಟ್ಟಿಗೆ ಪೇರಿಸಿ, ಅದರ ಮೇಲೆ ಜೋಳದ ಹಿಟ್ಟಿನ ಡಬ್ಬಿ. ಮುಚ್ಚಳಕ್ಕೆ ಪ್ಲಾಸ್ಟಿಕ್ಕು ಬಿಗಿದು ಕಟ್ಟಿದ್ದರು. ಬಿಚ್ಚಿ ಮೂಸಿದೆ. ಅಂಥ ಒದ್ದೆ ಊರಿನಲ್ಲಿ ಹಿಟ್ಟು ಕೆಟ್ಟಿರಲಿಲ್ಲ. ಹಾಗಂತ ಯಾರಿಗೂ ಹೇಳಲಿಲ್ಲ. ಗಿರಿಜಮ್ಮ ಒಳಗೆ ಬರಲೇ ಇಲ್ಲ, ಮಳೆಯಲ್ಲಿ ಹೊರಗೇ ನಿಂತಿದ್ದಳು.

ಸಂಜೆ ಲಾಡ್ಜಿನಲ್ಲಿ ಶರಣಪ್ಪ, "ಮುಗೀತು ಬಿಡು. ಊರಿಗೆ ಹೋಗಿ ನೋಡೂಣು, ತಿಳಸ್ತೀವಿ ಅಂದ್ರಾತು" ಅಂದ. ಈ ನೋಡೂಣು ಅನ್ನುವ ಮಾತು ನನಗೆ ಆಗುವುದಿಲ್ಲ. ಹೂಂ ಅಂದರೆ ಹೂಂ, ಒಲ್ಲೆ ಅಂದರೆ ಒಲ್ಲೆ. ರೇಣುಕಾಳನ್ನೇ ಕೇಳಿದೆ.

"ಶೆಡ್ಡಿಗೆ ನಂದೇನ್ ತಕರಾರಿಲ್ಲ ಆಯಿ. ಮನುಷ್ಯಾನೂ ಕೆಟ್ಟವ ಅಲ್ಲ. ಆದ್ರ ಹಡದ ತಾಯಿಗೇ ಮಂದಿ ಮನಿ ತೋರಿಸಿ ನಂದು ಅಂದಾನ. ನಾಳೆ ನನಗೇನ್ ತೋರಿಸ್ತಾನೋ?"

ಗಿರಿಜಮ್ಮ ಆ ಕಡೆಯ ಮಂಚದಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನಿದ್ದೆ ಬಂದಿರಲಿಲ್ಲ. "ಖರೇ ಮಾತು ತಂಗಿ" ಅಂದಳು, ತಿರುಗದೆಯೇ. ಬೀಗರ ಅಂತ ಅವಳು ಅವತ್ತು ಒಮ್ಮೆಯೂ ಕರೆಯಲಿಲ್ಲ.

ನಮ್ಮ ಬಸ್ಸು ಮರುದಿನ ಮಧ್ಯಾಹ್ನಕ್ಕೆ. ಬೆಳಿಗ್ಗೆ ಹಣಮಂತ ಆಟೋ ತಂದು ಲಾಡ್ಜಿನ ಮುಂದೆ ನಿಂತಿದ್ದ. "ಬಸ್ಸಿಗೆ ಟೈಮ್ ಐತ್ರಿ ಆಯಿ, ಇನ್ನೊಂದು ಬೀಚ್ ಐತಿ..." ಅಂದ. ಕಣ್ಣು ಕೆಂಪಾಗಿದ್ದವು.

"ಇನ್ನೊಂದ್ ತೆರಿ ತೋರಿಸಿದ್ರ ನಿನ್ನ ಅದರಾಗ ನೂಕಿ ಹೋಗ್ತೀನಿ" ಅಂದೆ. "ಕಡೀಕ ಯಾವ ಮನಿಯವರು ಇಲ್ಲ ಅಂದ್ರು? ಆ ಬಾಗ್ಲಾ ತೋರ್ಸು."

"ಯಾಕ್ರಿ?"

"ಮನಿ ನೋಡಾಕ ಬಂದೀನಿ. ನೋಡಿ ಹೋಗ್ತೀನಿ."

ಯಾಕೆ ಹಾಗಂದೆ ಅಂದರೆ, ಅವನು ಹೇಳಿದ ಬಾಗಿಲುಗಳಾದರೂ ಖರೆಯೋ ಸುಳ್ಳೋ ನನಗೆ ಗೊತ್ತಾಗಬೇಕಿತ್ತು. ಎಲ್ಲರನ್ನೂ ಎಬ್ಬಿಸಿಕೊಂಡು ಹೊರಟೆ. ಓಣಿಯೊಂದರ ತುದಿಯಲ್ಲಿ ಹೆಂಚಿನ ಮನೆ, ಅದರ ಹಿಂದೆ ಎರಡು ಕೋಣೆಯ ಚಿಕ್ಕ ಮನೆಗೆ ಬೀಗ. ಹೆಂಚಿನ ಮನೆಯ ಬಾಗಿಲು ತೆಗೆದ ಹೆಂಗಸು ಹಣಮಂತನನ್ನು ಕಂಡು, "ಪುನಃ ಬಂದ್ರಾ ಮಾರಾಯ್ರೆ? ಹೇಳಿದ್ದೆನಲ್ಲ ಆವತ್ತೇ" ಅಂದಳು. ಅಂದರೆ ಬಾಗಿಲು ಖರೆ. ಆಮೇಲೆ ಹಿಂದೆ ನಿಂತ ನಮ್ಮನ್ನೆಲ್ಲ ನೋಡಿದಳು. ರೇಣುಕಾಳ ಮೇಲೆ ಅವಳ ಕಣ್ಣು ನಿಂತಿತು. ದನಿ ಮೆತ್ತಗಾಯಿತು.

"ಓ, ಸಂಸಾರ ಕರ್ಕೊಂಡು ಬಂದದ್ದಾ? ಇವಳು ನಿಮ್ಮ ಹೆಂಡತಿಯಾ?"

ಒಂದು ಹೂಂ ಅಂದಿದ್ದರೆ ಬೀಗದ ಕೈ ಅವನ ಕೈಗೆ ಬರುತ್ತಿತ್ತು. ಶರಣಪ್ಪ ಕೆಮ್ಮಿದ. ಗಿರಿಜಮ್ಮ ಮಗನ ಅಂಗಿ ಹಿಡಿದುಕೊಂಡಳು. ಹಣಮಂತ ರೇಣುಕಾಳ ಕಡೆ ನೋಡಿದ, ಅವಳು ನೆಲ ನೋಡುತ್ತಿದ್ದಳು.

"ಇಲ್ರಿ" ಅಂದ. "ಇನ್ನಾ ಆಗಿಲ್ಲ. ಮಾತೂ ಮುಗದಿಲ್ಲ. ಆಗ್ತೈತೋ ಇಲ್ಲೋ ನನಗ ಗೊತ್ತಿಲ್ರಿ."

"ಹಾಗಾದ್ರೆ ಕಷ್ಟ. ಬೇಸರ ಮಾಡ್ಬೇಡಿ, ಆಯ್ತಾ?" ಎಂದು ಆ ಹೆಂಗಸು ಬಾಗಿಲು ಹಾಕತೊಡಗಿದಳು.

"ಆಗ್ತೈತ್ರಿ" ಎಂದು ಹಿಂದಿನಿಂದ ದನಿ ಬಂತು. ರೇಣುಕಾ. "ದೀಪಾವಳಿ ಆದ ಮ್ಯಾಲ. ಅಲ್ಲೀತನ ಮತ್ತೊಬ್ಬರಿಗೆ ಕೊಡಬ್ಯಾಡ್ರಿ. ಮಷೀನ್ ಇಡಾಕ ಬೆಳಕು ಬರೂ ಕಿಟಕಿ ಐತೇನ್ರಿ?"

ಅವಳ ಅಪ್ಪನನ್ನು ಕೇಳಲಿಲ್ಲ. ನನ್ನನ್ನು ಕೇಳಲಿಲ್ಲ. ಅಷ್ಟು ದೂರ ಬಸ್ಸಿನಲ್ಲಿ ಸೊಂಟ ಮುರಿದುಕೊಂಡು ಹೋದವಳು ನಾನು, ಹೂಂ ಅಂದವಳು ಅವಳು. ಬಾಯಿಬಿಟ್ಟು ಬೈಯಬೇಕೆಂದುಕೊಂಡೆ. ಪರರ ಬಾಗಿಲಲ್ಲಿ ಬೇಡವೆಂದು ನುಂಗಿಕೊಂಡೆ. ಆ ಹೆಂಗಸು ನಕ್ಕು, "ಕಿಟಕಿ ಉಂಟು. ಮದುವೆ ಆಗಿ ಬನ್ನಿ, ಬೇರೆ ಯಾರಿಗೂ ಕೊಡುವುದಿಲ್ಲ" ಅಂದಳು. ಗಿರಿಜಮ್ಮ ಕುಂಕುಮದ ಡಬ್ಬಿ ಹುಡುಕಲು ಚೀಲಕ್ಕೆ ಕೈ ಹಾಕಿದಳು.

ನಾನು ಹಣಮಂತನನ್ನು ರಸ್ತೆಗೆ ಕರೆದೆ.

"ಅಪ್ಪಗ ಫೋನ್ ಹಚ್ಚು. ಮನಿ ಇದ್ದಿದ್ದಿಲ್ಲ ಅಂತ ಮೊದಲ ಹೇಳು. ಮನಿ ಸಿಗ್ತೈತಿ ಅನ್ನೂದು ಆಮ್ಯಾಲ."

"ಊರಿಗೆ ಬಂದಾಗ ಕುಂತು ಹೇಳ್ತೀನ್ರಿ ಆಯಿ."

"ಈಗ."

ಹಚ್ಚಿದ. ನನಗೂ ಕೇಳುವಂತೆ ಸ್ಪೀಕರಿಗೆ ಹಾಕಿಸಿದೆ. ಆ ಕಡೆ ಗೇಟಿನ ನೀರಿನ ಸದ್ದು, ಅದರ ಮೇಲೆ ಕೂಗಿ ಮಾತಾಡುವ ಗಂಡಸಿನ ದನಿ. "ಹಾಂ ಹಣಮಂತ! ಮನಿ ನೋಡಿದ್ರೇನಪಾ ಅವರು? ಹಿಡಿಸ್ತೇನು?"

ಹಣಮಂತ ನನ್ನ ಮುಖ ನೋಡಿದ. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವನ ಎದುರಿಗೇ ನಿಂತೆ, ಅವನು ಹೇಳಿ ಮುಗಿಸುವವರೆಗೂ ಅಲ್ಲಿಂದ ಕದಲಲಿಲ್ಲ.